ಜೋಡಿ ಕೊಲೆ, ಸಿಗದ ಹಂತಕ, ‘ಸಿ’ ರಿಪೋರ್ಟ್: ಮುಂದೇನು?

ಹಳೇ ಊರಿನ ಓಣಿಯೊಂದರ ಮನೆಯಲ್ಲಿ ಇಬ್ಬರ ಕೊಲೆ. ಮೊದಲ ವಾರ ಮುಖಪುಟ: ಶ್ವಾನದಳ, ಬೆರಳಚ್ಚು ತಜ್ಞರು, ಮೂರು ವಿಶೇಷ ತಂಡ, ‘ಶೀಘ್ರದಲ್ಲೇ ಬಂಧನ’. ತಿಂಗಳುಗಳು ಉರುಳಿದ ಮೇಲೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಆರೋಪಿ ಪತ್ತೆಯಾಗದ ಕಾರಣ ಪೊಲೀಸರು ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಸಲ್ಲಿಸಿದ್ದಾರೆ.

ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗೆ ಈ ಧಾಟಿಯ ಸುದ್ದಿ ಅಪರಿಚಿತವಲ್ಲ. ಆದರೆ ಆ ನಾಲ್ಕು ಸಾಲು ಓದಿದವರಲ್ಲಿ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಕೇಸು ಮುಗಿಯಿತೇ? ಹತ್ತು ವರ್ಷದ ಮೇಲೆ ಹಂತಕ ಸಿಕ್ಕರೆ ಬಿಟ್ಟುಬಿಡುತ್ತಾರೆಯೇ? ಸಿಬಿಐಗೆ ಏಕೆ ಕೊಡುವುದಿಲ್ಲ? ಅನುಮಾನ ಇದ್ದವರಿಗೆ ಮಂಪರು ಪರೀಕ್ಷೆ ಮಾಡಿದರೆ ಆಯಿತಲ್ಲ? ಇಲ್ಲಿ ಯಾವುದೇ ಒಂದು ಪ್ರಕರಣದ ವಿಚಾರಣೆ ನಡೆಸುವ ಉದ್ದೇಶವಿಲ್ಲ. ಇಂಥ ಕೊಲೆಗಳು ಏಕೆ ಬಗೆಹರಿಯುವುದಿಲ್ಲ, ಬಗೆಹರಿಯದಾಗ ಕಾನೂನು ಏನು ಮಾಡುತ್ತದೆ, ಸತ್ತವರ ಮನೆಯವರ ಪಾಲಿಗೆ ಏನು ಉಳಿಯುತ್ತದೆ ಎಂಬುದನ್ನಷ್ಟೇ ನೋಡೋಣ.

ಎ, ಬಿ, ಸಿ

ತನಿಖೆ ಎಲ್ಲಿಗೇ ಬಂದು ನಿಲ್ಲಲಿ, ತನಿಖಾಧಿಕಾರಿ ಮ್ಯಾಜಿಸ್ಟ್ರೇಟರ ಮುಂದೆ ವರದಿ ಇಡಬೇಕು. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಇದನ್ನು ಹೇಳುತ್ತದೆ. ಕರ್ನಾಟಕ ಪೊಲೀಸರ ರೂಢಿಯಲ್ಲಿ ‘ಎ’ ಎಂದರೆ ದೋಷಾರೋಪ ಪಟ್ಟಿ. ‘ಬಿ’ ಎಂದರೆ ದೂರು ಸುಳ್ಳು, ಇಲ್ಲವೇ ತಪ್ಪು ಗ್ರಹಿಕೆಯಿಂದ ಕೊಟ್ಟದ್ದು, ಇಲ್ಲವೇ ಸಿವಿಲ್ ಸ್ವರೂಪದ್ದು. ‘ಸಿ’ ಎಂದರೆ ಅಪರಾಧ ನಡೆದದ್ದು ನಿಜ, ಮಾಡಿದವರು ಯಾರೆಂದು ಗೊತ್ತಾಗಿಲ್ಲ. ಕೊನೆಯ ಎರಡಕ್ಕೂ ಪತ್ರಿಕೆಗಳಲ್ಲಿ ‘ಪ್ರಕರಣಕ್ಕೆ ತೆರೆ’ ಎಂಬ ಒಂದೇ ತಲೆಬರಹ ಬೀಳುತ್ತದೆ. ಅರ್ಧ ಗೊಂದಲ ಅಲ್ಲಿಂದಲೇ ಶುರು.

ವರದಿ ಬಂದ ಮಾತ್ರಕ್ಕೆ ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪಬಹುದು, ಕಡತದಲ್ಲಿರುವ ಸಾಕ್ಷ್ಯವೇ ಸಾಕೆನಿಸಿದರೆ ಒಪ್ಪದೆ ನೇರ ವಿಚಾರಣೆಗೆ ಎತ್ತಿಕೊಳ್ಳಬಹುದು, ಇನ್ನಷ್ಟು ತನಿಖೆ ಮಾಡಿ ಎಂದು ವಾಪಸ್ ಕಳಿಸಬಹುದು. ಇಂಥವರ ಮೇಲೇ ದೋಷಾರೋಪ ಪಟ್ಟಿ ಹಾಕಿ ಎಂದು ಪೊಲೀಸರಿಗೆ ಅಪ್ಪಣೆ ಕೊಡುವ ಅಧಿಕಾರ ಮಾತ್ರ ಅವರಿಗಿಲ್ಲ. ಕೇಸು ಕೈಬಿಡುವ ಮುನ್ನ ಫಿರ್ಯಾದಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಲೇಬೇಕೆಂದು ಸುಪ್ರೀಂ ಕೋರ್ಟ್ 1985ರ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆ ನೋಟಿಸ್ ಬಂದಾಗ ಎಷ್ಟೋ ಮನೆಯವರು ಅದೇನೆಂದು ತಿಳಿಯದೆ ಸಹಿ ಹಾಕಿ ಸುಮ್ಮನಾಗುತ್ತಾರೆ. ತಕರಾರು ಅರ್ಜಿ ಹಾಕಲು ಅದಕ್ಕಿಂತ ಒಳ್ಳೆಯ ಸಂದರ್ಭ ಮತ್ತೆ ಸುಲಭಕ್ಕೆ ಸಿಗುವುದಿಲ್ಲ.

‘ಸಿ’ ರಿಪೋರ್ಟನ್ನು ನ್ಯಾಯಾಲಯ ಒಪ್ಪಿದ ಮೇಲೂ ಕೊಲೆ ಕೇಸು ಸಾಯುವುದಿಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿ ಉಂಟು, ಕೊಲೆಗೆ ಇಲ್ಲ. ಹೊಸ ಸುಳಿವು ಸಿಕ್ಕರೆ ಅದೇ 193ನೇ ಕಲಂ ಅಡಿಯಲ್ಲಿ ಮುಂದುವರಿದ ತನಿಖೆ ನಡೆಸಿ ಪೂರಕ ವರದಿ ಸಲ್ಲಿಸಬಹುದು. ಕಾಗದದ ಮೇಲೆ ಬಾಗಿಲು ಸದಾ ತೆರೆದೇ ಇದೆ. ಆ ಬಾಗಿಲಿನಿಂದ ಒಳಬರಲು ಏನಾದರೂ ಉಳಿದಿರುತ್ತದೆಯೇ ಎಂಬುದು ಬೇರೆ ಮಾತು, ಮತ್ತು ನಿಜವಾದ ಸಮಸ್ಯೆ ಇರುವುದು ಅಲ್ಲೇ.

ಹೆಚ್ಚಿನ ಕೊಲೆಗಳು ಬಗೆಹರಿಯುವುದು ಏಕೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಂಟೆ. ವೈಯಕ್ತಿಕ ದ್ವೇಷ 3,761ಕ್ಕೆ. ಹಣ, ಒಡವೆಯ ಆಸೆಗೆ ನಡೆದವು 1,884.

ಜಗಳ, ದ್ವೇಷದ ಕೊಲೆಯಲ್ಲಿ ಸತ್ತವರಿಗೂ ಕೊಂದವರಿಗೂ ಪರಿಚಯ ಇರುತ್ತದೆ. ಹೊಲದ ಬದು, ಸಾಲ, ಸಂಬಂಧ, ಹಳೇ ಸಿಟ್ಟು. ಯಾರ ಮೇಲೆ ಅನುಮಾನ ಎಂದು ಮನೆಯವರನ್ನು ಕೇಳಿದರೆ ಎರಡೋ ಮೂರೋ ಹೆಸರು ಬರುತ್ತವೆ, ಅದರಲ್ಲೊಬ್ಬ ಊರು ಬಿಟ್ಟಿರುತ್ತಾನೆ. ಪೊಲೀಸರ ಕೊಲೆ ಪತ್ತೆ ಪ್ರಮಾಣ ಚೆನ್ನಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದು. ಆ ಸಂಬಂಧದ ಎಳೆ ತುಂಡಾದ ಕಡೆ, ಅಂದರೆ ಹಂತಕ ಅಪರಿಚಿತನಾದಾಗ, ಅಥವಾ ಪರಿಚಿತನೇ ಅಪರಿಚಿತ ಕಳ್ಳನ ಕೆಲಸದಂತೆ ಕಾಣುವಂತೆ ಬೀರು ಕೆದರಿ ಹೋದಾಗ, ತನಿಖೆ ಪೂರ್ತಿಯಾಗಿ ಭೌತಿಕ ಸಾಕ್ಷ್ಯದ ಮೇಲೆ ನಿಲ್ಲಬೇಕಾಗುತ್ತದೆ. ನಮ್ಮ ಠಾಣೆಗಳು ಬಲಹೀನವಾಗಿರುವುದು ಅಲ್ಲಿ.

ಇಬ್ಬರು ಸತ್ತಿದ್ದರೆ ತೊಡಕು ಹೆಚ್ಚು. ಬಂದವನ ಗುರಿ ಯಾರು? ಒಬ್ಬರು ಗುರಿಯಾಗಿದ್ದು, ಇನ್ನೊಬ್ಬರು ನೋಡಿಬಿಟ್ಟರೆಂಬ ಕಾರಣಕ್ಕೆ ಸತ್ತರೇ? ಉದ್ದೇಶವನ್ನು ತಪ್ಪಾದ ವ್ಯಕ್ತಿಯ ಬದುಕಿನಲ್ಲಿ ಹುಡುಕುತ್ತ ಕೂತರೆ ಮೊದಲ ತಿಂಗಳು ಅಲ್ಲಿಗೇ ಕಳೆದುಹೋಗುತ್ತದೆ. ಒಬ್ಬರೇ ಬಂದಿದ್ದರೋ ಇಬ್ಬರೋ ಎಂಬುದೂ ತೀರ್ಮಾನವಾಗಬೇಕು.

ಬೇಸಿಗೆ, ಫರ್ಸಿ, ಗಲ್ಲಿ

ಕಲಬುರಗಿಯಂಥ ಊರಲ್ಲಿ ಇದಕ್ಕೆ ಸ್ಥಳೀಯ ಕಾರಣಗಳೂ ಸೇರಿಕೊಳ್ಳುತ್ತವೆ.

ಮೊದಲನೆಯದು ಬಿಸಿಲು. ಸಾವಿನ ಸಮಯ ಅಂದಾಜಿಸುವ ಹಳೆಯ ವಿಧಾನ ಶವದ ಉಷ್ಣತೆ ಅಳೆಯುವುದು. ಜೀವ ಹೋದ ಮೇಲೆ ದೇಹ ಸುತ್ತಲಿನ ಗಾಳಿಯ ಮಟ್ಟಕ್ಕೆ ಗಂಟೆಗಂಟೆಗೂ ತಣಿಯುತ್ತ ಬರುತ್ತದೆ ಎಂಬುದು ಅದರ ಆಧಾರ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 42 ಡಿಗ್ರಿ ದಾಟುತ್ತದೆ. ಬಾಗಿಲು ಹಾಕಿದ ಮನೆಯ ಒಳಗಿನ ಗಾಳಿ ದೇಹದ ಸಹಜ ಉಷ್ಣತೆಯಾದ 37 ಡಿಗ್ರಿಗಿಂತ ಬಿಸಿಯಾಗಿದ್ದರೆ ಶವ ತಣಿಯುವುದೇ ಇಲ್ಲ. ಆ ಲೆಕ್ಕವೇ ಬಿದ್ದುಹೋಗುತ್ತದೆ. ಸತ್ತ ಮೇಲೆ ಸ್ನಾಯುಗಳು ಬಿಗಿಯಾಗುವ ಸೆಟೆತ ಬೇಗ ಬಂದು ಬೇಗ ಬಿಡುತ್ತದೆ, ಕೊಳೆಯುವಿಕೆಯೂ ಬೇಗ. ಮರಣೋತ್ತರ ವರದಿಯಲ್ಲಿ ‘18ರಿಂದ 36 ಗಂಟೆ’ ಎಂಬಂಥ ಅಗಲದ ಅಂದಾಜು ಬಂದರೆ ಅದು ವೈದ್ಯರ ಉದಾಸೀನ ಎಂದು ತಿಳಿಯಬೇಕಿಲ್ಲ. ಆದರೆ ಪರಿಣಾಮ ಗಂಭೀರ: ಅಷ್ಟು ಹೊತ್ತಿನಲ್ಲಿ ಶಂಕಿತ ಎಲ್ಲಿದ್ದ ಎಂದು ಕೇಳಿದರೆ ಎಲ್ಲರಿಗೂ ಒಂದಿಷ್ಟು ಹೊತ್ತು ಸಾಕ್ಷಿಯಿಲ್ಲದ್ದು ಇದ್ದೇ ಇರುತ್ತದೆ, ಎಲ್ಲರಿಗೂ ಒಂದಿಷ್ಟು ಹೊತ್ತು ಸಾಕ್ಷಿ ಸಹಿತವಾದದ್ದೂ ಇರುತ್ತದೆ. ಯಾರನ್ನೂ ಪಟ್ಟಿಯಿಂದ ತೆಗೆಯಲಾಗದು, ಯಾರನ್ನೂ ಹಿಡಿಯಲಾಗದು.

ಎರಡನೆಯದು ಮನೆಯ ನೆಲ. ಹಳೇ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಫರ್ಸಿ. ನುಣುಪು ಮಾಡದ, ಒರಟು ಕಲ್ಲಿನ ಮೇಲೆ ಪುಡಿ ಉದುರಿಸಿ ಬೆರಳಚ್ಚು ಎತ್ತುವುದು ಕಷ್ಟ. ಸ್ಟೀಲ್ ಡಬ್ಬಿ, ಬೀರುವಿನ ಹಿಡಿ, ಗಾಜು, ಮೊಬೈಲ್ ಪರದೆಯಂಥ ನುಣುಪು ವಸ್ತುಗಳೇ ಗತಿ. ಆದರೆ ಸುದ್ದಿ ಮುಟ್ಟಿದ ಅರ್ಧ ಗಂಟೆಯಲ್ಲಿ ಮನೆಯೊಳಗೆ ಬಂಧುಗಳು, ಓಣಿಯವರು, ಕಾರ್ಪೊರೇಟರು, ಮೊಬೈಲ್ ಹಿಡಿದ ಹುಡುಗರು ಎಲ್ಲರೂ ತಿರುಗಾಡಿರುತ್ತಾರೆ. ಎಲ್ಲರ ಮನೆ ಬಾಗಿಲೂ ಎಲ್ಲರಿಗೂ ತೆರೆದಿರುವುದು ಹಳೇ ಓಣಿಯ ಒಳ್ಳೆಯ ಗುಣ. ಘಟನಾ ಸ್ಥಳದ ಮಟ್ಟಿಗೆ ಮಾತ್ರ ಅದು ಶಾಪ. ನಾಯಿ ಕೂಡ ಹತ್ತಾರು ಜನರ ವಾಸನೆಯ ನಡುವೆ ಮುಖ್ಯರಸ್ತೆವರೆಗೆ ಓಡಿ ನಿಂತುಬಿಡುತ್ತದೆ. ‘ಶ್ವಾನ ಬಸ್ ನಿಲ್ದಾಣದ ದಾರಿ ಹಿಡಿಯಿತು’ ಎಂದು ಬರೆಯುವ ವರದಿಗಾರರು ಅದಕ್ಕೆ ಕೊಡುವಷ್ಟು ತೂಕ ಯಾವ ನ್ಯಾಯಾಲಯವೂ ಕೊಡುವುದಿಲ್ಲ.

ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ಹೊಸ ಸಂಹಿತೆಯ 176ನೇ ಕಲಂ ಹೇಳುತ್ತದೆ. ಇದನ್ನು ಕಡ್ಡಾಯ ಮಾಡಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶ ಕೊಡಲಾಗಿದೆ. ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. 2019ರಿಂದ ನಗರಕ್ಕೆ ಪೊಲೀಸ್ ಕಮಿಷನರೇಟೂ ಇದೆ. ಆದರೆ ತಜ್ಞರು ಬರುವ ಮೊದಲು ಬಾಗಿಲಲ್ಲಿ ನಿಂತು ಜನರನ್ನು ತಡೆಯಬೇಕಾದವರು ಬೀಟ್ ಕಾನ್‌ಸ್ಟೆಬಲ್. ಒಂದು ಕೊಲೆ ಬಗೆಹರಿಯುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಒಬ್ಬರ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ ಎಂದರೆ ಅತಿಶಯವಲ್ಲ.

ಅಳಿಸಿಹೋಗುವ ಸಾಕ್ಷ್ಯ

ಅಂಗಡಿ, ಮನೆಗಳ ಸಿಸಿ ಕ್ಯಾಮೆರಾಗಳಲ್ಲಿ ದೃಶ್ಯ ಸಾಮಾನ್ಯವಾಗಿ ಹದಿನೈದು ದಿನ, ಹೆಚ್ಚೆಂದರೆ ತಿಂಗಳು ಉಳಿಯುತ್ತದೆ. ಮೇಲೆ ಹೊಸದು ಬರೆಯಲ್ಪಡುತ್ತದೆ. ಮೊದಲ ವಾರ ಪೊಲೀಸರು ಕೊಲೆಯಾದ ರಾತ್ರಿಯ ದೃಶ್ಯವನ್ನಷ್ಟೇ ತೆಗೆದುಕೊಂಡು, ಹಂತಕ ಮನೆ ನೋಡಿಕೊಂಡು ಹೋಗಲು ಬಂದಿರಬಹುದಾದ ಹಿಂದಿನ ದಿನಗಳನ್ನು ಬಿಟ್ಟರೆ ಮತ್ತೆ ಅದು ಸಿಗದು.

ಮೊಬೈಲ್ ಕರೆ ವಿವರ ಹೆಚ್ಚು ಕಾಲ ಬಾಳುತ್ತದೆ. ದೂರಸಂಪರ್ಕ ಕಂಪನಿಗಳು ಅದನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಲಾಯಿತು. ಅದಕ್ಕೆ ಮೊದಲು ಒಂದು ವರ್ಷ ಸಾಕಿತ್ತು. ಎರಡು ವರ್ಷದ ಮೇಲೆ ಹೊಸ ಹೆಸರೊಂದು ಹೊರಬಂದರೆ, ಆ ರಾತ್ರಿ ಅವನ ಫೋನ್ ಯಾವ ಗೋಪುರದಡಿ ಇತ್ತು ಎಂದು ತಿಳಿಯಲು ಮೊದಲೇ ತರಿಸಿಟ್ಟುಕೊಂಡ ಗೋಪುರದ ಒಟ್ಟು ದತ್ತಾಂಶ ಬೇಕು. ಕಿಕ್ಕಿರಿದ ಹಳೇ ಊರಿನಲ್ಲಿ ಒಂದು ಗೋಪುರಕ್ಕೆ ಸಾವಿರಾರು ಸಂಖ್ಯೆ ಬಿದ್ದಿರುತ್ತವೆ. ಅಂದು ಆ ರಾಶಿ ನಿರುಪಯುಕ್ತ ಎನಿಸುತ್ತದೆ. ಹೆಸರು ಸಿಕ್ಕ ದಿನ ಅದೇ ಬಂಗಾರ.

ರಕ್ತದ ಕಲೆಯ ಬಟ್ಟೆ, ಉಗುರಡಿಯ ಕಣ, ಕೂದಲು ಇವು ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿ ಇಡುವ ಸಾಕ್ಷ್ಯ ವಸ್ತು. ಒಣಗಿಸಿ, ಕಾಗದದ ಲಕೋಟೆಯಲ್ಲಿ ಇಟ್ಟರೆ ಡಿಎನ್‌ಎ ದಶಕಗಳ ಕಾಲ ಬಾಳುತ್ತದೆ. ಹಸಿಯಾಗಿಯೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಕೆಡುತ್ತದೆ. ಪತ್ತೆಯಾಗದ ಪ್ರಕರಣದ ಮುದ್ದೆಮಾಲು ಯಾವ ಕಪಾಟಿನಲ್ಲಿ, ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ಯಾರೂ ಇಲ್ಲ. ‘ಹಂತಕರನ್ನು ಬಂಧಿಸಿ’ ಎಂದು ಕಲಬುರಗಿಯ ಜಗತ್ ವೃತ್ತದಲ್ಲಿ ಪ್ರತಿಭಟನೆ ಮಾಡುವ ಸಂಘಟನೆಗಳ ಮನವಿ ಪತ್ರದಲ್ಲೂ ಈ ಬೇಡಿಕೆ ಇರುವುದಿಲ್ಲ.

ಗಡಿ ದಾಟಿದರೆ

ಬೀದರ್‌ನಿಂದ ತೆಲಂಗಾಣದ ಜಹೀರಾಬಾದ್ ಸುಮಾರು 30 ಕಿ.ಮೀ. ಕಲಬುರಗಿಯಿಂದ ಸೊಲ್ಲಾಪುರ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. 2025ರ ಜನವರಿ 16ರಂದು ಬೀದರ್ ನಗರದ ನಡುವೆ ಎಟಿಎಂಗೆ ಹಣ ತುಂಬುವ ವಾಹನದ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದವರು ಅದೇ ದಿನ ಹೈದರಾಬಾದ್ ಮುಟ್ಟಿದ್ದರು, ಅಲ್ಲೂ ಗುಂಡು ಹಾರಿಸಿದರು. ಬೆನ್ನು ಹತ್ತಬೇಕಾದ ತಂಡ ಆ ಹೊತ್ತಿಗೆ ಇನ್ನೊಂದು ರಾಜ್ಯದ ಪೊಲೀಸರಿಗೆ ಫೋನ್ ಮಾಡುವ ಹಂತದಲ್ಲಿರುತ್ತದೆ.

ಒಂದು ವ್ಯತ್ಯಾಸ ಇಲ್ಲಿ ಗಮನಿಸಬೇಕು. ಯಾರು ಮಾಡಿದರೆಂದು ಗೊತ್ತಾಗಿ ಕೈಗೆ ಸಿಗದಿದ್ದರೆ ಅವರು ತಲೆಮರೆಸಿಕೊಂಡ ಆರೋಪಿಗಳು. ಅಲ್ಲಿ ‘ಸಿ’ ರಿಪೋರ್ಟ್‌ಗೆ ಜಾಗವಿಲ್ಲ. ದೋಷಾರೋಪ ಪಟ್ಟಿ ಹಾಕಬಹುದು, ಘೋಷಿತ ಅಪರಾಧಿ ಎಂದು ಸಾರಬಹುದು, ಹೊಸ ಸಂಹಿತೆಯ 356ನೇ ಕಲಂ ಅಡಿ ಗೈರುಹಾಜರಿಯಲ್ಲೇ ವಿಚಾರಣೆಯನ್ನೂ ನಡೆಸಬಹುದು.

‘ಯಾರನ್ನಾದರೂ ಹಿಡಿಯಿರಿ’

ಪತ್ತೆಯಾಗದ ಜೋಡಿ ಕೊಲೆಯ ಸುತ್ತ ಮೂರು ವಾದ ಕೇಳಿಬರುತ್ತವೆ. ಮನೆಯವರದು: ಪೊಲೀಸರಿಗೆ ಆಸಕ್ತಿ ಇಲ್ಲ, ಯಾರನ್ನೋ ಉಳಿಸುತ್ತಿದ್ದಾರೆ. ಪೊಲೀಸರದು: ಸಾಕ್ಷ್ಯವಿಲ್ಲದೆ ಹಿಡಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಇರುವ ಸಿಬ್ಬಂದಿಯಲ್ಲೇ ಬಂದೋಬಸ್ತು, ಜಾತ್ರೆ, ಉರುಸು, ಚುನಾವಣೆ ಎಲ್ಲ ನೋಡಬೇಕು. ರಾಜಕೀಯದವರದು: ಸಿಬಿಐಗೆ ಕೊಡಿ. ಮೂರರಲ್ಲಿ ಪೊಲೀಸರ ವಾದವೇ ಜನಕ್ಕೆ ಸಬೂಬಿನಂತೆ ಕೇಳುತ್ತದೆ. ಆದರೆ ಅದರ ಮೊದಲ ಭಾಗದಲ್ಲಿ ಹುರುಳಿದೆ.

2008ರ ಮೇ ತಿಂಗಳ ನೋಯ್ಡಾ ಜೋಡಿ ಕೊಲೆ, ಅಂದರೆ ಆರುಷಿ ಎಂಬ ಹುಡುಗಿ, ಮನೆಗೆಲಸದ ಹೇಮರಾಜ್ ಸತ್ತ ಪ್ರಕರಣ ನೆನಪಿಸಿಕೊಳ್ಳಿ. ಹುಡುಗಿಯ ಶವ ಕಂಡ ಮೊದಲ ದಿನ ಪೊಲೀಸರು ತಾರಸಿಯ ಬಾಗಿಲ ಬೀಗ ಒಡೆದು ನೋಡಲಿಲ್ಲ. ಕಾಣೆಯಾದ ಮನೆಗೆಲಸದವನೇ ಕೊಲೆಗಾರ ಎಂದರು. ಮರುದಿನ ಅವನ ಶವ ಅದೇ ತಾರಸಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಮನೆ ತುಂಬ ಜನ ಓಡಾಡಿ ಆಗಿತ್ತು. ಪ್ರಕರಣ ಸಿಬಿಐಗೆ ಹೋಯಿತು. 2010ರ ಡಿಸೆಂಬರ್‌ನಲ್ಲಿ ಸಿಬಿಐ ಮುಕ್ತಾಯ ವರದಿ ಕೊಟ್ಟಿತು, 2011ರ ಫೆಬ್ರುವರಿಯಲ್ಲಿ ಗಾಜಿಯಾಬಾದ್ ನ್ಯಾಯಾಲಯ ಅದನ್ನು ತಿರಸ್ಕರಿಸಿ ಹುಡುಗಿಯ ತಂದೆತಾಯಿಯನ್ನೇ ವಿಚಾರಣೆಗೆ ಎಳೆಯಿತು. 2013ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಖುಲಾಸೆ ಮಾಡಿತು. ಕೊಂದವರು ಯಾರೆಂಬುದು ಒಂಬತ್ತು ವರ್ಷದ ಮೇಲೂ ನ್ಯಾಯಾಲಯದಲ್ಲಿ ಸಾಬೀತಾಗದೆ ಉಳಿಯಿತು. ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಗೂ ಮೊದಲ ದಿನ ಕಳೆದುಹೋದದ್ದನ್ನು ವಾಪಸ್ ತರಲಾಗಲಿಲ್ಲ.

ಒತ್ತಡಕ್ಕೆ ಮಣಿದು ಯಾರನ್ನೋ ಬಂಧಿಸಿದರೆ ಏನಾಗುತ್ತದೆ? ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯ ಕಾನೂನಿನಲ್ಲಿ ಬೆಲೆ ಇಲ್ಲ. ಅದರಿಂದ ಹೊಸದಾಗಿ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗ ಮಾತ್ರ ನಡೆಯುತ್ತದೆ. ತೊಂಬತ್ತು ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಅವಸರದಲ್ಲಿ ಪಟ್ಟಿ ಹಾಕಿದರೆ ಖುಲಾಸೆ. ಇದಕ್ಕಿಂತ ದೊಡ್ಡ ಹಾನಿ ಮುಂದಿದೆ. ನಾಳೆ ನಿಜವಾದ ಹಂತಕ ಸಿಕ್ಕಾಗ ಅವನ ವಕೀಲರು ಕೇಳುವ ಮೊದಲ ಪ್ರಶ್ನೆ: ಇದೇ ಕೊಲೆಯನ್ನು ಇನ್ನೊಬ್ಬ ಮಾಡಿದನೆಂದು ಇದೇ ಪೊಲೀಸರು ಬರೆದುಕೊಟ್ಟಿದ್ದರಲ್ಲ?

ಮಂಪರು ಪರೀಕ್ಷೆಯ ಮಾತು ಇಲ್ಲಿಗೇ ಮುಗಿಸಬಹುದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಸಿಬಿಐ ವಿಷಯವೂ ಅಷ್ಟು ಸರಳವಲ್ಲ. ಸಿಬಿಐಗೆ ನೀಡಿದ್ದ ಸಾಮಾನ್ಯ ಒಪ್ಪಿಗೆಯನ್ನು ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆದಿದೆ. ಹೀಗಾಗಿ ಸರ್ಕಾರ ಆ ಪ್ರಕರಣಕ್ಕೆಂದೇ ಒಪ್ಪಬೇಕು, ಇಲ್ಲವೇ ಹೈಕೋರ್ಟ್ ಆದೇಶಿಸಬೇಕು. ಹೈಕೋರ್ಟಿಗೆ ಆ ಅಧಿಕಾರ ಇದೆ, ಅಪರೂಪಕ್ಕೆ ಬಳಸಬೇಕೆಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಅನುಕೂಲ: ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಕಲಬುರಗಿ ಹೈಕೋರ್ಟ್ ಪೀಠ 2013ರಿಂದ ಕಾಯಂ ಆಗಿದೆ.

ಹಳೇ ಕೇಸು ಮತ್ತೆ ಜೀವ ಪಡೆಯುವುದು ಹೇಗೆ

ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಶಾಂತ ಬಡಾವಣೆ, ಬೆಳಗಿನ ಹೊತ್ತು, ಬೈಕಿನಲ್ಲಿ ಬಂದ ಅಪರಿಚಿತರು. ಸಿಐಡಿ ತನಿಖೆ ವರ್ಷಗಟ್ಟಲೆ ಮುಂದೆ ಸಾಗಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾದ ಮೇಲೆ ಎರಡೂ ಕಡೆಯ ಗುಂಡು, ಕಾಡತೂಸಿನ ಖಾಲಿ ಕೋಶಗಳನ್ನು ಹೋಲಿಸಿದಾಗ ಒಂದೇ 7.65 ಎಂ.ಎಂ. ನಾಡ ಪಿಸ್ತೂಲಿನಿಂದ ಹಾರಿದ್ದೆಂದು ವಿಧಿವಿಜ್ಞಾನ ವರದಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು, ಅದೇ ವರ್ಷ ಆಗಸ್ಟ್‌ನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಎರಡು ವರ್ಷದ ಹಿಂದಿನ ಗುಂಡು, ಕೋಶ ಸರಿಯಾಗಿ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಚಾಕು, ಕೊಡಲಿ, ಕಲ್ಲಿನ ಕೊಲೆಯಲ್ಲಿ ಈ ಅನುಕೂಲ ಕಡಿಮೆ. ಅಲ್ಲಿ ಬೆರಳಚ್ಚೇ ಆಸರೆ. 2022ರ ಆಗಸ್ಟ್‌ನಲ್ಲಿ ಚಾಲನೆಗೊಂಡ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ವ್ಯವಸ್ಥೆಯಲ್ಲಿ ರಾಜ್ಯಗಳ ದಾಖಲೆ ಒಂದೇ ಕಡೆ ಸೇರುತ್ತಿವೆ. ಅದೇ ತಿಂಗಳು ಜಾರಿಗೆ ಬಂದ ಅಪರಾಧ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆಯಡಿ ಸಂಗ್ರಹಿಸಿದ ಬೆರಳಚ್ಚು ಮುಂತಾದ ಅಳತೆಗಳನ್ನು 75 ವರ್ಷ ಇಡಬಹುದು. ಖಾಸಗಿತನದ ದೃಷ್ಟಿಯಿಂದ ಆ ಕಾಯ್ದೆಗೆ ಗಟ್ಟಿ ಆಕ್ಷೇಪಗಳಿವೆ, ಅದು ಬೇರೆ ಚರ್ಚೆ. ಇಲ್ಲಿ ಮುಖ್ಯವಾದದ್ದು ಇಷ್ಟು: ಕಲಬುರಗಿಯ ಬೀರುವಿನಿಂದ ಎತ್ತಿದ ಅಪರಿಚಿತ ಬೆರಳಚ್ಚು ಆ ವ್ಯವಸ್ಥೆಗೆ ಸೇರಿದ್ದರೆ, ಆರು ವರ್ಷದ ಮೇಲೆ ನಾಂದೇಡ್‌ನಲ್ಲಿ ಕಳವಿಗೆ ಸಿಕ್ಕವನ ಬೆರಳಿಗೆ ಹೊಂದಬಹುದು. ಸೇರದೆ ಕಡತದಲ್ಲೇ ಉಳಿದರೆ ಹೊಂದುವ ಮಾತಿಲ್ಲ.

ಮನೆಯೊಳಗೆ

ಕೊಲೆಗಾರ ಯಾರೆಂದು ತಿಳಿಯದಿದ್ದರೂ ಬದುಕಿನ ಕಾಗದಪತ್ರ ನಿಲ್ಲುವುದಿಲ್ಲ. ಜೋಡಿ ಕೊಲೆಯಲ್ಲಿ ಯಾರೂ ನಿರೀಕ್ಷಿಸದ ತೊಡಕು ಆಸ್ತಿಯದು. ಉದಾಹರಣೆಗೆ, ತಾಯಿ, ಮಗ ಇಬ್ಬರೂ ಒಂದೇ ರಾತ್ರಿ ಕೊಲೆಯಾಗಿದ್ದಾರೆ ಎನ್ನಿ. ಮನೆ ವಿಧವೆ ತಾಯಿಯ ಹೆಸರಲ್ಲಿದೆ. ಬದುಕಿರುವವರು ಒಬ್ಬ ಮಗಳು, ಮತ್ತು ಮಕ್ಕಳಿಲ್ಲದ ಸೊಸೆ. ತಾಯಿ ಮೊದಲು ಸತ್ತಿದ್ದರೆ ಮನೆಯಲ್ಲಿ ಅರ್ಧ ಮಗನಿಗೆ ಬಂದು, ಅವನ ಹಿಂದೆ ಅದು ಹೆಂಡತಿಗೆ ಸೇರುತ್ತದೆ. ಮಗ ಮೊದಲು ಸತ್ತಿದ್ದರೆ ಪೂರ್ತಿ ಮನೆ ಮಗಳಿಗೆ, ಸೊಸೆಗೆ ಏನೂ ಇಲ್ಲ. ಕೆಲವು ನಿಮಿಷಗಳ ಅಂತರ, ಅರ್ಧ ಮನೆ. ಯಾರು ಮೊದಲು ಎಂದು ತಿಳಿಯದಿದ್ದರೆ ಹಿರಿಯರೇ ಮೊದಲು ಸತ್ತರೆಂದು ಭಾವಿಸಬೇಕು ಎನ್ನುತ್ತದೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 21ನೇ ಕಲಂ. ಅಲ್ಲ ಎಂದು ಸಾಬೀತುಪಡಿಸಲು ಎದುರು ಪಕ್ಷಕ್ಕೆ ಅವಕಾಶವಿದೆ. ಆಗ ಮೇ ತಿಂಗಳ ಬಿಸಿಲಿನ ಆ ಮರಣೋತ್ತರ ವರದಿ ಮತ್ತೆ ಹೊರಬರುತ್ತದೆ, ಈ ಸಲ ಸಿವಿಲ್ ಕೋರ್ಟಿನಲ್ಲಿ.

ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ಕೊಂದವರಿಗೆ, ಕೊಲೆಗೆ ನೆರವಾದವರಿಗೆ ಸತ್ತವರ ಆಸ್ತಿ ಸಿಗದು. ಹಂತಕ ಗೊತ್ತಾಗದೆ ಇರುವಷ್ಟು ದಿನ ಈ ಕಲಂ ಬಂಧುಗಳ ನಡುವೆ ಆಯುಧವಾಗಿ ತಿರುಗುತ್ತದೆ. ವಿಮಾ ಕಂಪನಿಯೂ ನಾಮಿನಿಗೆ ಹಣ ಕೊಡುವ ಮೊದಲು ಪೊಲೀಸರ ಅಂತಿಮ ವರದಿ ಕೇಳುತ್ತದೆ. ಸಂಶಯ ನಾಮಿನಿಯ ಮೇಲೂ ಇರಬಹುದಲ್ಲ ಎಂಬುದು ಅವರ ಲೆಕ್ಕ. ಇಷ್ಟು ದಿನ ಒಲ್ಲದ ‘ಸಿ’ ರಿಪೋರ್ಟಿನ ನಕಲಿಗಾಗಿ ಮನೆಯವರೇ ಅಲೆಯಬೇಕಾದ ವಿಚಿತ್ರ ಸ್ಥಿತಿ ಆಗ ಬರುತ್ತದೆ.

ಕಡಿಮೆ ಜನಕ್ಕೆ ಗೊತ್ತಿರುವ ಎರಡು ಹಕ್ಕುಗಳಿವೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರು ತಿಳಿಸಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂನಲ್ಲಿ ಹೊಸದಾಗಿ ಸೇರಿದ್ದು, ಮೊಬೈಲ್ ಸಂದೇಶದಲ್ಲಿ ತಿಳಿಸಿದರೂ ನಡೆಯುತ್ತದೆ. ಬಾಯಿಮಾತಿನ ‘ನೋಡ್ತಾ ಇದೀವಿ’ ಸಾಕಾಗದು ಎಂದು ಲಿಖಿತವಾಗಿ ಕೇಳಬಹುದು. ಬೆರಳಚ್ಚು ರಾಷ್ಟ್ರೀಯ ವ್ಯವಸ್ಥೆಗೆ ಹೋಗಿದೆಯೇ, ಮುದ್ದೆಮಾಲು ಪ್ರಯೋಗಾಲಯದಿಂದ ವಾಪಸ್ ಬಂದು ಎಲ್ಲಿದೆ, ಗೋಪುರದ ದತ್ತಾಂಶ ಉಳಿಸಲಾಗಿದೆಯೇ ಎಂಬ ಮೂರು ಪ್ರಶ್ನೆ ಆ ಅರ್ಜಿಯಲ್ಲಿದ್ದರೆ, ಸಿಬಿಐ ಬೇಡಿಕೆಯ ಹತ್ತು ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಅದೇ ಸಂಹಿತೆಯ 396ನೇ ಕಲಂ. ಅಪರಾಧಿ ಪತ್ತೆಯಾಗದೆ, ವಿಚಾರಣೆಯೇ ನಡೆಯದೆ ಹೋದರೂ ಸತ್ತವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಪ್ರಾಧಿಕಾರ ಮೊತ್ತ ನಿಗದಿ ಮಾಡಬೇಕು. ಹಂತಕ ಸಿಗುವವರೆಗೆ ಕಾಯಬೇಕೆಂದು ಠಾಣೆಯಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು. ಎಫ್‌ಐಆರ್, ಮರಣೋತ್ತರ ವರದಿ, ಅವಲಂಬಿತರ ದಾಖಲೆ, ಮತ್ತು ಆ ‘ಸಿ’ ರಿಪೋರ್ಟಿನ ನಕಲು ಹಿಡಿದು ಹೋದರೆ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಬರೆಯಲು ನೆರವು ಸಿಗುತ್ತದೆ.